ನಿರ್ನಾಮವೋ, ನಾಮಾವಶೇಷವೋ?

ರಜೆಯಲ್ಲಿ ಪುತ್ತೂರಿನಿಂದ ಬಂದ ಮೊಮ್ಮಗಳು ನಮ್ಮ ತೋಟದ ಬಗ್ಗೆ ಇಂಗ್ಲಿಷ್ ಪ್ರಬಂಧ ಬರೆಯುತ್ತಿದ್ದಳು. ಹಳದಿ ಎಲೆ ರೋಗದಿಂದ ಅಡಿಕೆ ತೋಟ ‘ಅನಾಯಲೇಟ್’ ಆಗಿದೆ ಎಂದು ಬರೆದು, “ಅಜ್ಜ, ಸರಿ ಉಂಟಾ?” ಎಂದು ಕೇಳಿದಳು. ವ್ಯಾಕರಣವೇನೋ ಸರಿಯಿತ್ತು. ನನಗೆ ಮಾತ್ರ ಆ ಶಬ್ದ ಚುಚ್ಚಿತು.

ಇಬ್ಬರೂ ನಿಘಂಟು ಬಿಡಿಸಿದೆವು. ಅನಾಯಲೇಶನ್. ಬರೆಯುವಾಗ ನಡುವೆ ‘ಎಚ್’ ಬೇಕು, ಹೇಳುವಾಗ ಬೇಡ! ಅದರೊಳಗಿರುವುದು ಲ್ಯಾಟಿನ್ನಿನ ‘ನಿಹಿಲ್’, ಅಂದರೆ ‘ಏನೂ ಇಲ್ಲ’. ಏನೂ ಇಲ್ಲದ ಹಾಗೆ ಮಾಡುವುದೇ ಅನಾಯಲೇಶನ್. ಕ್ರಿಕೆಟಿನಲ್ಲಿ ಹೀನಾಯವಾಗಿ ಸೋತವರಿಗೂ ಈಗ ಇದನ್ನೇ ಹೇಳುತ್ತಾರೆ. ಸೋತವರು ಮರುದಿನ ಮತ್ತೆ ಆಡುತ್ತಾರಲ್ಲ! ಎಲೆಕ್ಟ್ರಾನೂ ಪಾಸಿಟ್ರಾನೂ ಡಿಕ್ಕಿಯಾದರೆ ಎರಡೂ ಇಲ್ಲವಾಗಿ ಗಾಮಾ ಕಿರಣ ಹೊರಡುವುದನ್ನು ವಿಜ್ಞಾನಿಗಳು ಇದೇ ಹೆಸರಿನಿಂದ ಕರೆಯುತ್ತಾರೆ. ಅಂಬೇಡ್ಕರರು 1936ರಲ್ಲಿ ಲಾಹೋರಿನ ಸಭೆಗೆಂದು ಸಿದ್ಧಪಡಿಸಿದ ಭಾಷಣ ರದ್ದಾದಾಗ, ಅದನ್ನು ತಾವೇ ಅಚ್ಚು ಹಾಕಿಸಿದರು. ಜಾತಿಯ ‘ಅನಾಯಲೇಶನ್’ ಆಗಬೇಕೆಂಬುದೇ ಅದರ ತಲೆಬರಹ. ಅಲ್ಲಿ ಅರೆಬರೆ ನಾಶ ಸಾಲದು.

ಕನ್ನಡದಲ್ಲಿ? “ನಿರ್ನಾಮ” ಎಂದಳು. ಒಳ್ಳೆಯ ಶಬ್ದ, ಹೆಸರೂ ಉಳಿಯದ್ದು. ಹೆಸರಷ್ಟೇ ಉಳಿದರೆ ನಾಮಾವಶೇಷ. ನಮ್ಮ ಮೇಲಿನ ತೋಟದಲ್ಲಿ ಈಗ ಇರುವುದು ರಬ್ಬರು, ಆದರೂ ಮನೆಯವರೆಲ್ಲ ‘ಮೇಲಿನ ತೋಟ’ ಎಂದೇ ಹೇಳುವುದು. ಅದು ನಾಮಾವಶೇಷ.

ಕಡಬದ ತಂಗಿಯ ಮನೆಯಲ್ಲಿ ಮಹಾಳಿಯದ್ದೇ ಚಿಂತೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹೊತ್ತಿಗೆ ಸರಿಯಾಗಿ ಬೋರ್ಡೋ ಬಿಟ್ಟರೆ ಫಸಲು ಕೈಗೆ ಸಿಕ್ಕೀತು. ಸುಳ್ಯದ ಸಂಪಾಜೆ, ಅರಂತೋಡು ಕಡೆಯ ಹಳದಿ ರೋಗಕ್ಕೆ ಅಂಥ ಮದ್ದಿಲ್ಲ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಕೆಲಸ ಅದು. ರಸ ಹೀರುವ ಸಣ್ಣ ಜಿಗಿಹುಳ ಮರದಿಂದ ಮರಕ್ಕೆ ದಾಟಿಸುತ್ತದೆ. ಸೋಗೆ ಹಳದಿಯಾಗುತ್ತದೆ, ತಲೆ ಸಣ್ಣದಾಗುತ್ತದೆ, ಅಡಿಕೆ ಒಳಗೆ ಮೆತ್ತಗಾಗಿ ಕಪ್ಪಾಗುತ್ತದೆ. ಕೆಳಗಿನ ತೋಟವನ್ನೂ ಈ ಬೇಸಿಗೆಯಲ್ಲಿ ಕಡಿಸುವುದೆಂದು ನಾನು ಮಾತು ಕೊಟ್ಟಾಗಿತ್ತು.

“ಎಲ್ಲ ಹಳದಿಯಾ ಅಜ್ಜ?” ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ತೋಟಕ್ಕಿಳಿದಳು. ಸಂಜೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ: ಹಸಿರಾಗಿರುವುದು ಹದಿನಾಲ್ಕು. ರೋಗದ ನಡುವೆಯೂ ಗಟ್ಟಿಯಾಗಿ ನಿಂತ ಮರಗಳನ್ನು ಹುಡುಕಿ, ರೋಗ ತಡೆಯುವ ತಳಿ ಮಾಡಲು ವಿಟ್ಲದ ಸಿಪಿಸಿಆರ್‌ಐ ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ. ನನಗದು ಗೊತ್ತಿತ್ತು; ಎಣಿಸಲು ಮನಸ್ಸು ಬಂದಿರಲಿಲ್ಲ, ಅಷ್ಟೆ.

ಪ್ರಬಂಧದಲ್ಲಿ ಆ ಶಬ್ದಕ್ಕೆ ಗೀಟು ಬಿತ್ತು. ಮರ ಕಡಿಯುವವನಿಗೆ ನಾನು ಫೋನು ಮಾಡಿದೆ. ಹದಿನಾಲ್ಕು ಮರಗಳಿಗೂ ಅವಳು ಅಜ್ಜಿಯ ಹಳೇ ಸೀರೆ ಹರಿದು ಕೆಂಪು ಪಟ್ಟಿ ಕಟ್ಟಿದ್ದಾಳೆ.