ಬೆಳಕು ಬಿದ್ದರೆ ಎಚ್ಚರಗೊಳ್ಳುವ ಕಿಣ್ವಗಳು

ಸೂರತ್‌ನ ಮಹಿಧರಪುರದ ಹೀರಾ ಬಜಾರಿನಲ್ಲಿ ವ್ಯಾಪಾರ ಬೀದಿಯಲ್ಲೇ ಕುದುರುತ್ತದೆ. ದಲ್ಲಾಳಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚುತ್ತಾನೆ. ಕೊಳ್ಳುವವನು ಚಿಮಟದಲ್ಲಿ ವಜ್ರ ಹಿಡಿದು, ಹತ್ತು ಪಟ್ಟು ಹಿಗ್ಗಿಸುವ ಮಸೂರಕ್ಕೆ ಕಣ್ಣಿಡುತ್ತಾನೆ. ಹಳದಿ ಛಾಯೆ ಚೂರು ಕಂಡರೂ ಬೆಲೆ ಇಳಿಯಿತು. ಇಷ್ಟು ದೊಡ್ಡ ತೀರ್ಮಾನ ನಿಂತಿರುವುದು ಅವನ ಅಕ್ಷಿಪಟದಲ್ಲಿರುವ ಪಿಡಿಇ-6 ಎಂಬ ಕಿಣ್ವದ ಮೇಲೆ.

ಕತ್ತಲಲ್ಲಿ ಅಕ್ಷಿಪಟದ ಕೋಶಗಳ ತುಂಬ ಸೈಕ್ಲಿಕ್ ಜಿಎಂಪಿ ಎಂಬ ಪುಟ್ಟ ಸಂದೇಶವಾಹಕ ಅಣುಗಳಿರುತ್ತವೆ. ಕೋಶದ ಪೊರೆಯಲ್ಲಿರುವ ಬಾಗಿಲುಗಳನ್ನು ತೆರೆದಿಡುವುದು ಇವೇ. ಬೆಳಕು ಬಿದ್ದೊಡನೆ ಆಪ್ಸಿನ್ ಪ್ರೋಟೀನಿನೊಳಗಿನ ರೆಟಿನಾಲ್ ಅಣು ಬಾಗಿದ್ದದ್ದು ನೆಟ್ಟಗಾಗುತ್ತದೆ. ಆಪ್ಸಿನ್ ಟ್ರಾನ್ಸ್‌ಡ್ಯೂಸಿನ್ ಎಂಬ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ, ಅದು ಪಿಡಿಇ-6 ಅನ್ನು. ಈ ಕಿಣ್ವ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸೈಕ್ಲಿಕ್ ಜಿಎಂಪಿ ಅಣುಗಳನ್ನು ಕತ್ತರಿಸಬಲ್ಲದು. ಬಾಗಿಲುಗಳು ಮುಚ್ಚುತ್ತವೆ, ಕೋಶ ಸುಮ್ಮನಾಗುತ್ತದೆ. ಕತ್ತಲಲ್ಲಿ ಮಾತು, ಬೆಳಕಿನಲ್ಲಿ ಮೌನ: ನಮ್ಮ ನೋಟ ಶುರುವಾಗುವುದೇ ಹೀಗೆ ತಿರುಗುಮುರುಗಾಗಿ.

ಪಿಡಿಇ-6ರ ಮನೆತನದ ಇನ್ನೊಂದು ಕಿಣ್ವ ಪಿಡಿಇ-5. ಅದನ್ನು ತಡೆಯುವ ಔಷಧವೇ ಸಿಲ್ಡೆನಾಫಿಲ್. 1998ರಲ್ಲಿ ಅಮೆರಿಕದಲ್ಲಿ ವಯಾಗ್ರ ಎಂದು ಮಾರಾಟಕ್ಕೆ ಬಂತು. ಭಾರತದಲ್ಲಿ 2005ರವರೆಗೆ ಔಷಧಕ್ಕೆ ಉತ್ಪನ್ನ ಪೇಟೆಂಟ್ ಇರಲಿಲ್ಲವಾದ್ದರಿಂದ ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಅದನ್ನು ಪೆನೆಗ್ರಾ ಎಂಬ ಹೆಸರಲ್ಲಿ ಮಾರಿತು. ಡೋಸ್ ಹೆಚ್ಚಾದರೆ ಈ ಗುಳಿಗೆ ಪಿಡಿಇ-6ಕ್ಕೂ ಅಡ್ಡ ಬರುತ್ತದೆ. ಆಗ ಕೆಲವರಿಗೆ ಕೆಲವು ಗಂಟೆ ಜಗತ್ತೇ ನೀಲಿ. ವಜ್ರ ವಿಂಗಡಿಸುವವನು ಅಂಥ ದಿನ ರಜೆ ಹಾಕುವುದು ಲೇಸು!

ಕಣ್ಣಿನ ಈ ಏರ್ಪಾಟಿಗೆ ಮೂರು ಪ್ರೋಟೀನು ಬೇಕು. ಕೊಳದ ಹಸಿರು ನೀರಲ್ಲಿ ಈಜುವ ಏಕಕೋಶಿ ಯೂಗ್ಲೀನಾಕ್ಕೆ ಇಷ್ಟು ರಗಳೆಯಿಲ್ಲ. ಬೆಳಕನ್ನು ಹಿಡಿಯುವ ಭಾಗವೂ ಕಿಣ್ವವೂ ಅದರಲ್ಲಿ ಒಂದಕ್ಕೊಂದು ಬೆಸೆದುಕೊಂಡಿವೆ ಎಂದು 2002ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ನೀಲಿ ಬೆಳಕು ಬಿದ್ದರೆ ಈ ಬೆಸೆದ ಕಿಣ್ವ ಕೋಶದ ಇಂಧನವಾದ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ಎಂಬ ಇನ್ನೊಂದು ಸಂದೇಶವಾಹಕವನ್ನು ತಯಾರಿಸುತ್ತದೆ. ಆ ಸಂದೇಶದಿಂದ ಯೂಗ್ಲೀನಾ ಪ್ರಖರ ಬೆಳಕಿನಿಂದ ದೂರ ಸರಿಯುತ್ತದೆ. ನನಗೆ ಇದು ಕಣ್ಣಿಗಿಂತಲೂ ಜಾಣತನದ ಕೆಲಸವಾಗಿ ಕಾಣುತ್ತದೆ. ನೇಗ್ಲೇರಿಯಾ ಎಂಬ ಅಮೀಬಾದಲ್ಲಿರುವ ಇಂಥದೇ ಕಿಣ್ವವನ್ನು ದೆಹಲಿಯ ಸುನೀಲ್ ಕಟೇರಿಯಾ ಜರ್ಮನ್ ಸಹೋದ್ಯೋಗಿಗಳ ಜೊತೆ ಅಧ್ಯಯನ ಮಾಡಿದ್ದಾರೆ.

ಪ್ರಯೋಗಾಲಯಗಳಿಗೆ ಹೆಚ್ಚು ಒಗ್ಗಿದ್ದು ಬೆಗ್ಗಿಯಟೋವಾ ಎಂಬ ಗಂಧಕಪ್ರಿಯ ಬ್ಯಾಕ್ಟೀರಿಯಾದ ಬಿಪ್ಯಾಕ್ ಎಂಬ ಇಂಥದೇ ಕಿಣ್ವ. 2011ರಲ್ಲಿ ಬೆಳಕಿಗೆ ಬಂದ ಇದು ಗಾತ್ರದಲ್ಲಿ ಚಿಕ್ಕದು, ಕತ್ತಲಲ್ಲಿ ಬಹುಮಟ್ಟಿಗೆ ಸದ್ದಿಲ್ಲದೆ ಇರುತ್ತದೆ. ಇದರ ಜೀನನ್ನು ಕೋಶಕ್ಕೆ ಸೇರಿಸಿ ದೀಪ ಹಾಕಿದರಾಯಿತು, ಬೇಕಾದ ಗಳಿಗೆಯಲ್ಲಿ ಸೈಕ್ಲಿಕ್ ಎಎಂಪಿ ಸಿದ್ಧ. ಹೀಗೆ ಮಾಡಿದಾಗ ಚಲನೆ ಕಳೆದುಕೊಂಡಿದ್ದ ಇಲಿಯ ವೀರ್ಯಾಣುಗಳು ನೀಲಿ ಬೆಳಕಿನಲ್ಲಿ ಮತ್ತೆ ಈಜಿದವು. ಮೇದೋಜೀರಕದ ಬೀಟಾ ಕೋಶಗಳು ಗ್ಲೂಕೋಸ್ ಇದ್ದಾಗ ಹೆಚ್ಚು ಇನ್ಸುಲಿನ್ ಸುರಿಸಿದವು.

ತೊಡಕೂ ಇದೆ. ನೀಲಿ ಬೆಳಕು ಚರ್ಮದೊಳಗೆ ಆಳಕ್ಕೆ ಇಳಿಯದು, ಕೆಂಪು ಇಳಿಯುತ್ತದೆ. ಹಾಗಾಗಿ 2014ರಲ್ಲಿ ಜರ್ಮನಿಯ ಸಂಶೋಧಕರು ವಿಕಿರಣಕ್ಕೂ ಜಗ್ಗದ ಡೈನೋಕಾಕಸ್ ಬ್ಯಾಕ್ಟೀರಿಯಾದ ಬೆಳಕುಗ್ರಾಹಿಯನ್ನು ಮನುಷ್ಯನ ಪಿಡಿಇ-2 ಕಿಣ್ವಕ್ಕೆ ಕಸಿ ಮಾಡಿದರು. ಕೆಂಪು ಬಿದ್ದರೆ ಸೈಕ್ಲಿಕ್ ಎಎಂಪಿ, ಸೈಕ್ಲಿಕ್ ಜಿಎಂಪಿಗಳನ್ನು ಕತ್ತರಿಸುವ ಅದರ ಕೆಲಸ ಚುರುಕಾಗುತ್ತದೆ, ಇನ್ನೂ ಗಾಢವಾದ ಕೆಂಪು ಬಿದ್ದರೆ ತಗ್ಗುತ್ತದೆ.