ಗೂಡಿನ ಹರಾಜಿಗೂ ಬೇಕು ನೆಟ್‌ವರ್ಕ್ ಓದು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳು ಮೊಬೈಲಿನಲ್ಲೇ ದರ ನಮೂದಿಸುತ್ತಾರೆ. ಗೂಡು ಬಹಳ ದಿನ ಕಾಯುವ ಸರಕಲ್ಲ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ. ಆಮೇಲೆ ಅದರಿಂದ ಎಳೆ ಬಿಚ್ಚಲಾಗದು. ಹರಾಜಿನ ಹೊತ್ತಿಗೆ ಸರ್ವರ್ ಕೈಕೊಟ್ಟರೆ ಪೆಟ್ಟು ಬೀಳುವುದು ಮೊದಲು ಬೆಳೆಗಾರನಿಗೆ.

ಈ ಸಮಸ್ಯೆಯ ಒಳಹೊರಗನ್ನು ಕಲಿಸುವ ಪದವಿಯೊಂದಿದೆ: ಕಂಪ್ಯೂಟರ್ ನೆಟ್‌ವರ್ಕ್ ಎಂಜಿನಿಯರಿಂಗ್‌ನ ಎಂ.ಟೆಕ್. ಒಂದೇ ಕ್ಷಣದಲ್ಲಿ ನೂರಾರು ಮಂದಿ ದರ ಒತ್ತಿದರೆಂದುಕೊಳ್ಳಿ. ಆ ದರಗಳನ್ನು ಹೊತ್ತ ಪ್ಯಾಕೆಟ್‌ಗಳು, ಅಂದರೆ ದತ್ತಾಂಶದ ತುಣುಕುಗಳು, ದಾರಿ ತೋರುವ ರೂಟರ್‌ನಲ್ಲಿ ಸಾಲುಗಟ್ಟುತ್ತವೆ. ಜಾಗ ತುಂಬಿದರೆ ಕೆಲವು ಅಲ್ಲೇ ಬಿದ್ದುಹೋಗುತ್ತವೆ. ಅದನ್ನು ಗ್ರಹಿಸಿದ ಫೋನು ವೇಗ ತಗ್ಗಿಸಿ ಮತ್ತೆ ಕಳಿಸುತ್ತದೆ. ಅಷ್ಟರಲ್ಲಿ ಗಡುವು ಮುಗಿದರೆ ಒಳ್ಳೆಯ ದರವೊಂದು ಲೆಕ್ಕಕ್ಕೇ ಬರುವುದಿಲ್ಲ. ಬಿ.ಇ.ಯಲ್ಲಿ ಒಂದೆರಡು ವಿಷಯಗಳಲ್ಲಿ ಮುಗಿಯುವ ಈ ಪಾಠವನ್ನು ಎಂ.ಟೆಕ್‌ನ ಎರಡು ವರ್ಷ ಗಣಿತ, ಭದ್ರತೆ, ವೈರ್‌ಲೆಸ್ ಸಂಪರ್ಕಗಳ ಸಮೇತ ಬಿಡಿಸಿ ನೋಡುತ್ತದೆ.

2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ರಾಮನಗರ ಸೀಮೆಯಲ್ಲಿ ತಾಂತ್ರಿಕ ಶಿಕ್ಷಣಕ್ಕೆ ಕೊರತೆಯಿಲ್ಲ. ರಾಮನಗರದಲ್ಲಿ ಘೌಸಿಯಾ ಕಾಲೇಜು, ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಹಾರೋಹಳ್ಳಿಯಲ್ಲಿ ದಯಾನಂದ ಸಾಗರ ವಿಶ್ವವಿದ್ಯಾಲಯವಿದೆ. ನೆಟ್‌ವರ್ಕ್ ವಿಷಯದಲ್ಲೇ ಎಂ.ಟೆಕ್ ಬೇಕೆಂದವರು ಮೈಸೂರು ರಸ್ತೆಯ ಆರ್.ವಿ. ಕಾಲೇಜಿನತ್ತ ನೋಡಬಹುದು. ಪ್ರವೇಶಕ್ಕೆ ಗೇಟ್ ಇಲ್ಲವೇ ಪಿಜಿಸಿಇಟಿ ಬರೆಯಬೇಕು. ಗೇಟ್ ಅರ್ಹತೆಯಿಂದ ಸೇರಿದವರಿಗೆ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ಬಿ.ಇ. ಮುಗಿದೊಡನೆ ಮಕ್ಕಳ ಸಂಬಳಕ್ಕೆ ಕಾಯುವ ಮಾಗಡಿ, ಕನಕಪುರದ ರೈತ ಮನೆಗಳಿಗೆ ಈ ಮೊತ್ತ ಸಣ್ಣದಲ್ಲ.

ಆದರೂ ‘ಇನ್ನೆರಡು ವರ್ಷ ಓದಿ ಏನು ಬಂತು?’ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಇತಿಹಾಸದಲ್ಲೊಂದು ಉತ್ತರವಿದೆ. ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ, 1986ರಲ್ಲೇ ಶಿಕ್ಷಣ, ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಎರ್ನೆಟ್ ಜಾಲದ ಯೋಜನೆ ಶುರುವಾಗಿತ್ತು. ಐಐಟಿಗಳ ಜತೆ ಅದರಲ್ಲಿ ಪಾಲ್ಗೊಂಡ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಅಲ್ಲಿ ಓದು, ಸಂಶೋಧನೆ ಮತ್ತು ಜಾಲ ಕಟ್ಟುವ ಕೆಲಸ ಒಟ್ಟಿಗೇ ಸಾಗಿದವು.

ನಮ್ಮ ಎಂ.ಟೆಕ್‌ಗೂ ಅಂಥ ಕೆಲಸ ಬೇಕು. ಎರಡನೆಯ ವರ್ಷದ ಪ್ರಾಜೆಕ್ಟ್ ಸಿಮ್ಯುಲೇಟರ್‌ನಲ್ಲೇ ಮುಗಿಯಬೇಕಾಗಿಲ್ಲ. ಸಾವನದುರ್ಗದಂಥ ಬಂಡೆಗಳು ಮೊಬೈಲ್ ತರಂಗಗಳಿಗೆ ಅಡ್ಡ ನಿಲ್ಲುತ್ತವೆ. ಕಲ್ಲುನೆಲದಲ್ಲಿ ಫೈಬರ್ ಹೂಳುವುದು ದುಬಾರಿ. ಇಂಥ ಕಡೆ ಟವರ್ ಎಲ್ಲಿರಬೇಕು, ಹರಾಜಿನ ಸರ್ವರ್‌ಗೆ ಬದಲಿ ಮಾರ್ಗ ಹೇಗಿರಬೇಕು, ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯ ಆನ್‌ಲೈನ್ ಅಂಗಡಿಯನ್ನು ವಂಚಕರಿಂದ ಹೇಗೆ ಕಾಪಾಡಬೇಕು: ಒಂದೊಂದೂ ಒಳ್ಳೆಯ ಪ್ರಬಂಧಕ್ಕೆ ವಸ್ತು. ಕಾಲೇಜುಗಳು ಮತ್ತು ರೇಷ್ಮೆ ಇಲಾಖೆ ಮಾತಾಡಿಕೊಂಡು ವಿದ್ಯಾರ್ಥಿಗಳನ್ನು ಮಾರುಕಟ್ಟೆಯೊಳಕ್ಕೆ ಬಿಟ್ಟುಕೊಳ್ಳಲಿ. ಅವರ ಓದಿನಿಂದ ಹರಾಜು ಒಂದು ದಿನವೂ ನಿಲ್ಲದಂತಾದರೆ, ಏನು ಬಂತು ಎಂಬ ಪ್ರಶ್ನೆಗೆ ಬೆಳೆಗಾರರೇ ಉತ್ತರ ಕೊಡುತ್ತಾರೆ.