ಮೋಟರ್ ಬಂದ್, ಮೀಟರ್ ಚಾಲೂ

ಗುಡಗೇರಿಯ ನಮ್ಮ ಚಿಕ್ಕವ್ವನ ಮನೆಗೆ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗಿನಿಂದ ಬಿಲ್ಲು ಸೊನ್ನೆಯೇ ಇತ್ತು. ತಿಂಗಳಿಗೆ 50-55 ಯೂನಿಟ್ಟಿನ ಮನೆ ಅದು: ಎರಡು ಫ್ಯಾನು, ನಾಲ್ಕು ಬಲ್ಬು, ಒಂದು ಟಿವಿ, ಹಿತ್ತಲ ಬೋರಿಗೊಂದು ಸಣ್ಣ ಮೋಟರು. ಒಂದು ಬೇಸಿಗೆ ಒಮ್ಮೆಲೇ 217 ಯೂನಿಟ್ಟಿನ ಬಿಲ್ಲು ಬಂತು. “ಇರಾವ್ರ ಇಬ್ರ ಅದೇವಿ, ಫ್ರಿಜ್ ಸುದ್ದಾ ಇಲ್ಲ. ಯಾರ ತಿಂದ್ರೋ ತಮ್ಮಾ ಇಷ್ಟ್ ಕರೆಂಟ್?” ಎಂದು ಚೀಟಿ ನನ್ನ ಕೈಗಿಟ್ಟಳು.

ಗೃಹಜ್ಯೋತಿಯ ಲೆಕ್ಕದಲ್ಲಿ 200 ಎಂಬುದು ಕಟ್ಟೆಯ ಅಂಚು. ಮನೆಗೆ ಗೊತ್ತುಮಾಡಿದ ಮಿತಿಯನ್ನು ಸ್ವಲ್ಪ ಮೀರಿದರೆ ಮೀರಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಮೊದಲ ಯೂನಿಟ್ಟಿನಿಂದಲೇ ಪೂರ್ತಿ ಬಿಲ್ಲು. ಸೊನ್ನೆಯಿಂದ ಸಾವಿರದಾಚೆಗೆ ಜಿಗಿಯುವುದು ಹೀಗೆ.

ಬಿಲ್ಲು ಒಮ್ಮೆಲೇ ಏರಲು ಬೇರೆ ಕಾರಣಗಳೂ ಇರುತ್ತವೆ. 2023ರ ಜೂನಿನಲ್ಲಿ ರಾಜ್ಯದ ತುಂಬ ಜನ ಬಿಲ್ಲು ನೋಡಿ ಬೆಚ್ಚಿದ್ದರು. ಆಗ ಕಾರಣ ದರದಲ್ಲಿತ್ತು: 100 ಯೂನಿಟ್ ದಾಟಿದವರಿಗೆ ಎಲ್ಲ ಯೂನಿಟ್ಟಿಗೂ 7 ರೂಪಾಯಿ, ಜೊತೆಗೆ ಏಪ್ರಿಲ್ಲಿನ ಏರಿಕೆಯ ಬಾಕಿ. ಅದೇ ತಿಂಗಳು ಕೊಪ್ಪಳದ ಭಾಗ್ಯನಗರದಲ್ಲಿ ಬಡವರ ಭಾಗ್ಯಜ್ಯೋತಿ ಯೋಜನೆಯ ಎರಡು ಬಲ್ಬಿನ ಮನೆಯ ವೃದ್ಧೆಯೊಬ್ಬರಿಗೆ ಲಕ್ಷ ರೂಪಾಯಿ ದಾಟಿದ ಬಿಲ್ಲು ಬಂದಿತ್ತು. ಪರೀಕ್ಷಿಸಿದ ಅಧಿಕಾರಿಗಳು ತಪ್ಪು ಒಪ್ಪಿ, ಕಟ್ಟಬೇಕಿಲ್ಲ ಎಂದರು. ಆದ್ದರಿಂದ ಮೊದಲು ಚೀಟಿಯ ರೀಡಿಂಗನ್ನು ಮೀಟರಿನ ಅಂಕಿಗೆ ಹೊಂದಿಸಿ ನೋಡಿದೆ. ಸರಿಯಿತ್ತು. ಅಕ್ಕಪಕ್ಕದ ಮನೆಯವರ ಬಿಲ್ಲೂ ಎಂದಿನಂತೆಯೇ ಇತ್ತು. ಒಂದೇ ಮನೆಗೆ ಏರಿದ ಬಿಲ್ಲಿನ ಕಾರಣವನ್ನು ಆ ಮನೆಯ ತಂತಿಗಳಲ್ಲೇ ಹುಡುಕಬೇಕು.

ಹುಡುಕಲು ದೊಡ್ಡ ಉಪಕರಣ ಬೇಡ. ಮೀಟರಿನ ಮೇಲೆ ಕೆಂಪು ಚುಕ್ಕೆಯೊಂದು ಮಿಣುಕುತ್ತದೆ. ಹತ್ತಿರದಲ್ಲೇ ‘3200’ ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂದರ್ಥ. 100 ವ್ಯಾಟಿನ ಬಲ್ಬೊಂದೇ ಉರಿಯುತ್ತಿದ್ದರೆ ಸುಮಾರು 11 ಸೆಕೆಂಡಿಗೊಂದು ಮಿಣುಕು.

ರಾತ್ರಿ ಮನೆಯ ಎಲ್ಲ ಸ್ವಿಚ್ಚನ್ನೂ ಬಂದ್ ಮಾಡಿ ಮೀಟರಿನ ಮುಂದೆ ನಿಂತೆವು. ಚುಕ್ಕೆ ನಿಲ್ಲಲಿಲ್ಲ. ಗಡಿಯಾರ ಹಿಡಿದು ಎಣಿಸಿದರೆ ಐದು ಸೆಕೆಂಡಿಗೊಮ್ಮೆ. ತಾಸಿಗೆ 720 ಮಿಣುಕು, ದಿನಕ್ಕೆ 5.4 ಯೂನಿಟ್, ತಿಂಗಳಿಗೆ 162. ಮನೆಯ 55 ಕೂಡಿಸಿದರೆ ಚೀಟಿಯ 217 ಅಲ್ಲೇ ಸಿಕ್ಕಿತು. ಒಂದೊಂದೇ ಎಂಸಿಬಿ ಇಳಿಸುತ್ತ ಹೋದೆವು. ಮೋಟರಿನ ಲೈನಿನದನ್ನು ಇಳಿಸಿದಾಗ ಚುಕ್ಕೆ ಆರಿತು.

ಮೋಟರು ಬಂದ್ ಇದ್ದಾಗ ಕರೆಂಟು ಎಲ್ಲಿ ಹೋಗುತ್ತಿತ್ತು? ಮರುದಿನ ವಾಯರ್‌ಮನ್ ಟೆಸ್ಟರ್ ಹಿಡಿದು ತೋರಿಸಿದ. ಮೋಟರಿನ ಸ್ವಿಚ್ಚು ಫೇಸ್ ತಂತಿಗೆ ಇರಬೇಕಿತ್ತು, ನ್ಯೂಟ್ರಲ್ ತಂತಿಗೆ ಇತ್ತು. ಸ್ವಿಚ್ ಆರಿಸಿದರೆ ಮೋಟರು ನಿಲ್ಲುತ್ತದೆ, ನಿಜ. ಆದರೆ ಫೇಸ್ ಮಾತ್ರ ಬೋರಿನ ತಳದವರೆಗೂ ಜೀವಂತ. ಅಲ್ಲಿ ಕೇಬಲ್ಲಿನ ಜಾಯಿಂಟಿನ ಟೇಪು ಬಿಟ್ಟು ತಾಮ್ರ ನೀರಿಗೆ ತಾಗಿತ್ತು. ನಮ್ಮ ಎರಿ ಭೂಮಿಯ ಬೋರಿನಲ್ಲಿ ಬರುವುದು ಸವಳು ನೀರು; ಉಪ್ಪು ಹೆಚ್ಚಿದಷ್ಟೂ ನೀರು ಕರೆಂಟಿಗೆ ದಾರಿ ಬಿಡುತ್ತದೆ. ಹೀಗೆ ಹಗಲೂ ರಾತ್ರಿ ಸುಮಾರು 1 ಆಂಪಿಯರ್ ನೀರಿಗಿಳಿದು, ನೆಲದೊಳಗಿಂದ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಅರ್ತಿಂಗಿಗೆ ಮರಳುತ್ತಿತ್ತು. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಹಿಂದಿರುಗುತ್ತಿಲ್ಲ. ಈಗಿನ ಎಷ್ಟೋ ಮೀಟರುಗಳು ಎರಡೂ ತಂತಿಗಳನ್ನು ಅಳೆದು, ಹೆಚ್ಚಿರುವುದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಎರಡರಲ್ಲಿ ವ್ಯತ್ಯಾಸ ಬಂದರೆ ‘ಅರ್ತ್’ ದೀಪ ಹಚ್ಚುತ್ತವೆ. ಚಿಕ್ಕವ್ವನ ಮೀಟರಿನಲ್ಲಿ ಅದು ಹತ್ತಿಯೇ ಇತ್ತು. ನಾವ್ಯಾರೂ ನೋಡಿರಲಿಲ್ಲ.

ಎಂಸಿಬಿ ಏಕೆ ತಾನಾಗಿ ಬೀಳಲಿಲ್ಲ ಎಂದರೆ, 16 ಆಂಪಿಯರಿನ ಎಂಸಿಬಿಗೆ 1 ಆಂಪಿಯರ್ ಲೆಕ್ಕಕ್ಕೇ ಇಲ್ಲ. ಸೋರಿಕೆ ಹಿಡಿಯುವುದು ಆರ್‌ಸಿಸಿಬಿಯ ಕೆಲಸ. ಮನೆಗೆ ಹಾಕುವಂಥದ್ದು 30 ಮಿಲಿಆಂಪಿಯರ್ ಸೋರಿದರೂ ಕೂಡಲೇ ಲೈನು ಕತ್ತರಿಸುತ್ತದೆ. ಚಿಕ್ಕವ್ವನ ಮನೆಯಲ್ಲಿ ಅದಕ್ಕೂ ಮೂವತ್ತು ಪಟ್ಟು ಹೆಚ್ಚು ಸೋರುತ್ತಿತ್ತು. ಬಿಲ್ಲಿನ ದುಡ್ಡು ಹೋದದ್ದಕ್ಕಿಂತ ನನಗೆ ಎದೆ ನಡುಗಿದ್ದು ಇದಕ್ಕೆ. ಅದೇ ಬೋರಿನ ಕಬ್ಬಿಣದ ಪೈಪು ಹಿಡಿದೇ ಅವಳು ದಿನಾ ಕೊಡ ತುಂಬಿಸುತ್ತಿದ್ದಳು, ಬರಿಗಾಲಲ್ಲಿ, ಹಸಿ ನೆಲದ ಮೇಲೆ.

ಪೈಪು ಎತ್ತಿಸಿ ಜಾಯಿಂಟ್ ಹೊಸದಾಗಿ ಮಾಡಿಸಿದೆವು, ಸ್ವಿಚ್ಚನ್ನು ಫೇಸಿಗೆ ತಂದೆವು, ಆರ್‌ಸಿಸಿಬಿ ಹಾಕಿಸಿದೆವು. ಆ ತಿಂಗಳ ಬಿಲ್ಲು ಕಟ್ಟಿದ್ದಾಯಿತು. ಮುಂದಿನ ತಿಂಗಳು 53 ಯೂನಿಟ್. ಈಗ ಚಿಕ್ಕವ್ವ ವಾರಕ್ಕೊಮ್ಮೆ ಮಲಗುವ ಮುಂಚೆ ಎಲ್ಲ ಬಂದ್ ಮಾಡಿ ಪಡಸಾಲೆಗೆ ಬಂದು ಮೀಟರಿನ ಮುಂದೆ ನಿಲ್ಲುತ್ತಾಳೆ. ಚುಕ್ಕೆ ಮಿಣುಕದಿದ್ದರೆ ಫ್ಯಾನು ಹಚ್ಚಿಕೊಂಡು ಮಲಗುತ್ತಾಳೆ.